ಸಹಿ ನಿಮ್ಮದೇ, ಕಾಗದ ಮಾತ್ರ ಕಳ್ಳನದು

"ಪಾಸ್‌ವರ್ಡ್ ಗಟ್ಟಿಯಾಗಿದೆ, ಇನ್ನೇನು ಭಯ?" ಬ್ಲಾಗು, ಸುದ್ದಿತಾಣ ನಡೆಸುವ ಗೆಳೆಯರಿಂದ ಈ ಮಾತನ್ನು ಆಗಾಗ ಕೇಳುತ್ತೇನೆ. ಆದರೆ ಪಾಸ್‌ವರ್ಡಿನ ತಂಟೆಗೇ ಹೋಗದೆ ತಾಣವನ್ನು ಕೆಡಿಸುವ ದಾರಿಯೊಂದಿದೆ. ಅದರ ಹೆಸರು ಕ್ರಾಸ್ ಸೈಟ್ ರಿಕ್ವೆಸ್ಟ್ ಫೋರ್ಜರಿ.

ಪಂಚಾಯಿತಿ ಕಚೇರಿ ನೆನಪಿಸಿಕೊಳ್ಳಿ. ಅಧ್ಯಕ್ಷರ ಮುಂದೆ ಸಹಿಗೆಂದು ಇಟ್ಟ ಕಾಗದದ ಕಂತೆಯೊಳಗೆ ಯಾರೋ ತನ್ನದೊಂದು ಹಾಳೆ ತೂರಿಸುತ್ತಾನೆ. ಅವರು ಓದದೆ ಸಹಿ ಹಾಕುತ್ತಾರೆ. ಸಹಿ ಅಸಲಿ, ಸೀಲೂ ಅಸಲಿ. ಇದೂ ಹಾಗೆಯೇ. ನೀವು ನಿಮ್ಮ ತಾಣಕ್ಕೆ ಅಡ್ಮಿನ್ ಆಗಿ ಲಾಗಿನ್ ಆಗಿರುತ್ತೀರಿ. ಪಕ್ಕದ ಟ್ಯಾಬಿನಲ್ಲಿ ಯಾರೋ ಕಳಿಸಿದ ಲಿಂಕ್ ತೆರೆಯುತ್ತೀರಿ. ಆ ಪುಟ ನಿಮಗೆ ತಿಳಿಯದಂತೆ ನಿಮ್ಮ ತಾಣಕ್ಕೊಂದು ಆದೇಶ ಕಳಿಸುತ್ತದೆ. ಬ್ರೌಸರ್ ಅದರ ಜೊತೆ ನಿಮ್ಮ ಲಾಗಿನ್ ಕುಕಿಯನ್ನೂ ಸೇರಿಸಿದರೆ ಮುಗಿಯಿತು, ಯಜಮಾನರೇ ಹೇಳಿದ್ದಾರೆಂದು ತಾಣ ನಂಬುತ್ತದೆ.

ಇದಕ್ಕೆ ವರ್ಡ್‌ಪ್ರೆಸ್‌ನಲ್ಲಿ 'ನಾನ್ಸ್' ಎಂಬ ಮದ್ದಿದೆ. ಫಾರಂ ಜೊತೆ ಕೊಡುವ ಗುಪ್ತ ಚೀಟಿ ಅದು. ಹೆಚ್ಚೆಂದರೆ 24 ಗಂಟೆ ನಡೆಯುತ್ತದೆ. ಹೊರಗಿನವನಿಗೆ ಆ ಚೀಟಿ ಸಿಗುವುದಿಲ್ಲ. ಪ್ಲಗಿನ್ ಬರೆಯುವವರು ಫಾರಂನಲ್ಲಿ ಅದನ್ನಿಟ್ಟು, ವಾಪಸ್ ಬಂದಾಗ ಪರಿಶೀಲಿಸಬೇಕು. ಒಂದೆರಡು ಸಾಲಿನ ಕೆಲಸ. ಅದನ್ನೇ ಮರೆಯುತ್ತಾರೆ.

2020ರ ಜನವರಿಯಲ್ಲಿ 2 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ 'ಕೋಡ್ ಸ್ನಿಪೆಟ್ಸ್' ಪ್ಲಗಿನ್ನಿನಲ್ಲಿ ಇಂಥದೇ ತೂತು ಕಂಡಿತು. ಅಡ್ಮಿನ್ ಒಂದು ಲಿಂಕ್ ಒತ್ತಿದರೆ ಸಾಕು, ಕಳ್ಳನ ಕೋಡ್ ತಾಣದೊಳಗೆ ಕೂತು ಓಡುವಂತಿತ್ತು. 2.14.0 ಆವೃತ್ತಿಯಲ್ಲಿ ಸರಿಪಡಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ 'ರಿಯಲ್-ಟೈಮ್ ಫೈಂಡ್ ಅಂಡ್ ರಿಪ್ಲೇಸ್' ಎಂಬ ಪ್ಲಗಿನ್ನಿನಲ್ಲೂ ಇದೇ ಕಥೆ. 2020ರಿಂದ ಕ್ರೋಮ್ ಬ್ರೌಸರ್ ಬೇರೆ ತಾಣದಿಂದ ಬರುವ ಆದೇಶಗಳಿಗೆ ಕುಕಿ ಸೇರಿಸುವುದನ್ನು ಬಿಗಿಗೊಳಿಸಿದೆ, ನಿಜ. ಆದರೆ ಬರೀ ಲಿಂಕ್ ತೆರೆದರೇ ಕೆಲಸ ಮಾಡಿಬಿಡುವ ಪ್ಲಗಿನ್ನಿಗೆ ಆ ಬಿಗಿ ಸಾಲದು.

ತಪ್ಪು ಪ್ಲಗಿನ್ ಬರೆದವರದೇ. ಆದರೆ ನಮ್ಮ ಪಾಲೂ ಇದೆ ಅನ್ನುವುದು ನನ್ನ ವಾದ. "ಗೊತ್ತಿಲ್ಲದ ಲಿಂಕ್ ತೆರೆಯಬೇಡಿ" ಎಂದು ಉಪದೇಶ ಮಾಡುವುದು ಸುಲಭ. ಪತ್ರಕರ್ತರಿಗೆ ಅದು ಆಗದ ಮಾತು. ಊರಿನ ರಸ್ತೆ ಹಾಳಾದ ಫೋಟೊ, ಪಡಿತರದ ದೂರು, ಎಲ್ಲ ಬರುವುದು ಗೊತ್ತಿಲ್ಲದವರ ಲಿಂಕಿನಲ್ಲೇ. ತೆರೆಯದಿದ್ದರೆ ಸುದ್ದಿಯೇ ಇಲ್ಲ.

ಹಾಗಾಗಿ ಬದಲಾಗಬೇಕಾದ್ದು ಬೇರೆ. ನಮ್ಮಂಥ ಗೆಳೆಯರ ಗುಂಪುಗಳಲ್ಲಿ "ನಾವೆಲ್ಲ ಸಮಾನರು" ಎಂದು ಎಲ್ಲರನ್ನೂ ಅಡ್ಮಿನ್ ಮಾಡುತ್ತೇವೆ. ಸ್ನೇಹದ ದೃಷ್ಟಿಯಿಂದ ಚೆಂದ, ಭದ್ರತೆಗೆ ಕೆಟ್ಟದ್ದು. ಲೇಖನ ಬರೆಯಲು ಲೇಖಕನ ಖಾತೆ ಸಾಕು. ಆ ಖಾತೆಗೆ ಎಷ್ಟು ಅಧಿಕಾರವೋ, ಸಾಮಾನ್ಯವಾಗಿ ಹಾನಿಯೂ ಅಷ್ಟೇ. ಅಡ್ಮಿನ್ ಕೆಲಸಕ್ಕೆ ಬೇರೆಯದೇ ಬ್ರೌಸರ್ ಇರಲಿ. ಮುಗಿದ ಕೂಡಲೇ ಲಾಗೌಟ್ ಆಗಿ. ಬಳಸದ ಪ್ಲಗಿನ್ ಅಳಿಸಿ, ಉಳಿದವನ್ನು ಅಪ್‌ಡೇಟ್ ಮಾಡಿ.

ಓದುಗ ನಮ್ಮ ಹೆಸರು ನೋಡಿ ಸುದ್ದಿ ನಂಬುತ್ತಾನೆ. ಒಂದು ರಾತ್ರಿ ನಮ್ಮ ಹೆಸರಿನಡಿ ಬೇರೆ ಯಾರೋ ಸುಳ್ಳು ಬರೆದರೆ, "ನಾವಲ್ಲ" ಎಂದು ಮನೆ ಮನೆಗೆ ಹೋಗಿ ಹೇಳಲಾದೀತೇ? ಈ ವಾರ ನಿಮ್ಮ ತಾಣದಲ್ಲಿ ಎಷ್ಟು ಜನ ಅಡ್ಮಿನ್ ಇದ್ದಾರೆಂದು ಒಮ್ಮೆ ಎಣಿಸಿ ನೋಡಿ.