ಸರಾಸರಿಯಲ್ಲಿ ಕಾಣದ ಸಿರುಗುಪ್ಪ

ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ನೀಡುವುದರಿಂದ ಹಿಡಿದು ಸಂತೆಯಲ್ಲಿ ಯುಪಿಐ ಮೂಲಕ ಹಣ ಪಾವತಿಸುವವರೆಗೆ ಇಂದು ಮೊಬೈಲ್ ಇಂಟರ್ನೆಟ್ ಅನಿವಾರ್ಯ. ಬಳ್ಳಾರಿ ನಗರಕ್ಕೆ ಮಾತ್ರವಲ್ಲ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಹಳ್ಳಿಗಳಿಗೂ ಅದು ಮೂಲಸೌಕರ್ಯವೇ ಆಗಿದೆ. ಆದ್ದರಿಂದ ಅದರ ಗುಣಮಟ್ಟವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಪರಿಣತರಿಗಷ್ಟೇ ಸೇರಿದ್ದಲ್ಲ.

ಪ್ರತಿ ಟವರ್‌ನ ಸಾಮರ್ಥ್ಯವೂ ಸೀಮಿತ. ಅದರ ವ್ಯಾಪ್ತಿಯಲ್ಲಿರುವ ಎಲ್ಲರೂ ಅದನ್ನೇ ಹಂಚಿಕೊಳ್ಳಬೇಕು. ಅಂಚಿನಲ್ಲಿರುವವರಿಗೆ ಅಷ್ಟೇ ಮಾಹಿತಿ ಮುಟ್ಟಿಸಲು ಹೆಚ್ಚಿನ ಪಾಲು ವ್ಯಯವಾಗುತ್ತದೆ. ಸಂಜೆ ವಿಡಿಯೊ ವೀಕ್ಷಣೆ ಏರಿದಾಗ ಕೆಲವೇ ಕಿಲೊಬೈಟ್‌ಗಳ ಪಾವತಿ ಸಂದೇಶವೂ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ‘ದಿನಕ್ಕೆ ಇಷ್ಟು ಜಿಬಿ’ ಎಂಬ ಮಿತಿ ಇದಕ್ಕೆ ಮದ್ದಲ್ಲ. ನಸುಕಿನ ಮೂರು ಗಂಟೆಗೆ ಬಳಸಿದ ಒಂದು ಜಿಬಿಯಿಂದ ಯಾರಿಗೂ ಅಡ್ಡಿಯಿಲ್ಲ. ರಾತ್ರಿ ಎಂಟರ ಒಂದು ಜಿಬಿ ನೆರೆಯವರ ಪಾಲನ್ನು ಕಸಿಯುತ್ತದೆ. ಮಿತಿಯ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದ ಗುಣಮಟ್ಟದ ನಿಯಮಗಳು ಸ್ವಾಗತಾರ್ಹ. ಕಂಪನಿಗಳು ವ್ಯಾಪ್ತಿಯ ನಕ್ಷೆಗಳನ್ನು ಪ್ರಕಟಿಸಬೇಕು. ಜಿಲ್ಲೆಯಲ್ಲಿ 24 ಗಂಟೆ ಮೀರಿ ಸೇವೆ ಸ್ಥಗಿತಗೊಂಡರೆ ಗ್ರಾಹಕರಿಗೆ ಪರಿಹಾರ ದೊರೆಯಬೇಕು. ಆದರೆ ಸೇವೆ ಸ್ಥಗಿತಗೊಳ್ಳದೆ ತೆವಳುತ್ತಿದ್ದರೆ? ಬಹುಪಾಲು ಮಾನದಂಡಗಳ ಲೆಕ್ಕ ಇಡೀ ಕರ್ನಾಟಕ ವೃತ್ತಕ್ಕೆ ಸಂಬಂಧಿಸಿದ್ದು. ಬೆಂಗಳೂರಿನ ವೇಗವೂ ಸಿರುಗುಪ್ಪದ ವೇಗವೂ ಕೂಡಿದ ಸರಾಸರಿಯಲ್ಲಿ ಹಳ್ಳಿಯ ಕೊರತೆ ಮರೆಯಾಗುತ್ತದೆ.

ಹಾಗೆಂದು ಹಣ ತೆತ್ತ ಆ್ಯಪ್‌ಗಳಿಗೆ ಆದ್ಯತೆ ನೀಡುವುದು ಪರಿಹಾರವಲ್ಲ. ನೋಡುವ ವಿಷಯವನ್ನು ಆಧರಿಸಿ ದರದಲ್ಲಿ ತಾರತಮ್ಯ ಮಾಡುವುದನ್ನು ಟ್ರಾಯ್ 2016ರ ಫೆಬ್ರುವರಿಯಲ್ಲೇ ನಿಷೇಧಿಸಿತು. 2018ರಲ್ಲಿ ಕೇಂದ್ರ ಸರ್ಕಾರ ಅಂಗೀಕರಿಸಿದ ಜಾಲ ತಟಸ್ಥತೆಯ ನೀತಿಯೂ ಸಮಂಜಸವಾದ ದಟ್ಟಣೆ ನಿರ್ವಹಣೆಗೆ ಅವಕಾಶ ನೀಡಿತೇ ಹೊರತು ಪಕ್ಷಪಾತಕ್ಕಲ್ಲ. ಈ ತತ್ವ ಉಳಿಯಬೇಕು. ಅದರ ಚೌಕಟ್ಟಿನೊಳಗೇ ದಟ್ಟಣೆಯಿಲ್ಲದ ವೇಳೆಯ ಬಳಕೆಗೆ ರಿಯಾಯಿತಿ ನೀಡಬಹುದು. ಅದಕ್ಕಿಂತ ಮುಖ್ಯವಾಗಿ, ದಟ್ಟಣೆಯ ವೇಳೆಯಲ್ಲಿ ದೊರೆತ ವೇಗವನ್ನು ತಾಲ್ಲೂಕುವಾರು ಪ್ರಕಟಿಸುವುದನ್ನು ಕಡ್ಡಾಯಗೊಳಿಸಬೇಕು. ಕೊರತೆ ಬಹಿರಂಗವಾದಾಗಲೇ ಟವರ್‌ಗಳನ್ನೂ ಅವುಗಳಿಗೆ ಆಪ್ಟಿಕಲ್ ಫೈಬರ್ ಸಂಪರ್ಕವನ್ನೂ ಹೆಚ್ಚಿಸುವ ಒತ್ತಡ ಕಂಪನಿಗಳ ಮೇಲೆ ಬೀಳುತ್ತದೆ.

ತುಂಗಭದ್ರೆಯ ಕಾಲುವೆಗಳನ್ನು ನಂಬಿದ ಈ ಸೀಮೆಗೆ ಹಂಚಿಕೆಯ ನ್ಯಾಯವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಜಲಾಶಯದಲ್ಲಿ ಎಷ್ಟು ನೀರಿದೆ ಎಂಬುದರಿಂದಷ್ಟೇ ಬೆಳೆ ಕೈಗೆ ಬಾರದು. ಕೊನೆಯ ಗದ್ದೆಗೆ ಎಷ್ಟು ಹರಿಯಿತು ಎಂಬುದೇ ಅಲ್ಲಿ ನಿರ್ಣಾಯಕ. ಮೊಬೈಲ್ ಜಾಲಕ್ಕೂ ಅದೇ ಅಳತೆಗೋಲು ಸಲ್ಲಬೇಕು.