ಮಗಳು ಕಲಿತದ್ದು ಕೆಟ್ಟದ್ದಲ್ಲ

'ಕಾಲೇಜಿಗೆ ಕಳಿಸಿದ್ದೇ ತಪ್ಪಾಯಿತು' ಎಂಬ ಮಾತು ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಅನೇಕ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಪದವಿ ತರಗತಿಗೆ ಸೇರಿದ ಮಗಳು ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಪ್ರಶ್ನೆ ಕೇಳಲಾರಂಭಿಸುತ್ತಾಳೆ. ಊಟವಾದ ಮೇಲೆ ಅಣ್ಣನ ತಟ್ಟೆಯನ್ನು ತಾನೇ ಏಕೆ ತೊಳೆಯಬೇಕು? ಹೊಲದ ಉತಾರದಲ್ಲಿ ತಾಯಿಯ ಹೆಸರು ಏಕಿಲ್ಲ? ಬೀದಿ ನಾಟಕದಲ್ಲಿ ಪಾತ್ರ ಮಾಡಿದರೆ ಮನೆತನದ ಮಾನ ಹೇಗೆ ಹೋಗುತ್ತದೆ? ಉತ್ತರ ಹೇಳಲಾಗದ ಹಿರಿಯರು ಆಗ ಒಂದು ಶಬ್ದದ ಮೊರೆ ಹೋಗುತ್ತಾರೆ: 'ಸ್ತ್ರೀವಾದ'. ಇದು ಪರದೇಶದಿಂದ ಬಂದ ರೋಗ, ನಮ್ಮ ಸಂಸ್ಕೃತಿಗೆ ಒಗ್ಗದ್ದು, ಕುಟುಂಬವನ್ನು ಒಡೆಯುವಂಥದ್ದು ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಈ ತೀರ್ಪು ಸುಳ್ಳು. ಮಗಳು ಕಾಲೇಜಿನಲ್ಲಿ ಕಲಿತದ್ದು ನಮ್ಮ ಮಣ್ಣಿನಲ್ಲಿಯೇ ಬಹುಕಾಲದಿಂದ ಇದ್ದ ಅರಿವು. ಅದಕ್ಕೆ ಹೆಸರು ಮಾತ್ರ ಹೊಸದು. ಆ ಅರಿವನ್ನು ನಮಗೆ ಕೊಟ್ಟವರು ಬಹುಮಟ್ಟಿಗೆ ನಾವು ಹಗುರವಾಗಿ ಕಂಡ ಹೆಂಗಸರೇ ಎಂಬುದು ಇನ್ನೂ ಕಹಿಯಾದ ಸತ್ಯ.

ಮೊದಲಿಗೆ, ವಿದ್ಯಾರ್ಥಿಯೊಬ್ಬಳು ಕಲಿಯುವುದಾದರೂ ಏನು? ಗಂಡಸರನ್ನು ದ್ವೇಷಿಸುವುದನ್ನಲ್ಲ. ಯಾವುದು ದೇವರು ಮಾಡಿದ ಭೇದ, ಯಾವುದು ಮನುಷ್ಯರು ಮಾಡಿಕೊಂಡ ಏರ್ಪಾಡು ಎಂದು ಬೇರ್ಪಡಿಸಿ ನೋಡುವುದನ್ನು ಆಕೆ ಕಲಿಯುತ್ತಾಳೆ. ಹೆರುವುದು ಪ್ರಕೃತಿ, ಹೆತ್ತವಳೊಬ್ಬಳೇ ರಾತ್ರಿಯಿಡೀ ಎದ್ದಿರಬೇಕೆಂಬುದು ಏರ್ಪಾಡು. 'ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ' ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಆದರೆ ಅದು ವಿಚಾರಣೆಗೂ ಮುಂಚೆ ಬರೆದಿಟ್ಟ ತೀರ್ಪು. ಪೂರ್ವಗ್ರಹವೆಂದರೆ ಇದೇ. ಅದನ್ನು ಆಡುವವನಿಗೆ ಅದು ಅನುಭವದ ಮಾತೆನಿಸುತ್ತದೆ. ಅನುಭವಿಸುವವಳಿಗೆ ಅದು ಗೋಡೆಯಾಗುತ್ತದೆ.

ಪೂರ್ವಗ್ರಹ ಎಷ್ಟು ದೀರ್ಘಾಯುಷಿ ಎಂಬುದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಪುನರುತ್ಥಾನದ ಸುದ್ದಿಯನ್ನು ಪ್ರೇಷಿತರಿಗೆ ಮೊದಲು ತಲುಪಿಸಿದವಳು ಮಗ್ದಲದ ಮರಿಯ. ಆದರೆ 591ರಲ್ಲಿ ಜಗದ್ಗುರು ಮಹಾ ಗ್ರೆಗೊರಿಯವರು ತಮ್ಮ ಪ್ರಬೋಧನೆಯಲ್ಲಿ ಆಕೆಯನ್ನೂ, ಲೂಕನ ಶುಭಸಂದೇಶದಲ್ಲಿ ಬರುವ ಹೆಸರಿಲ್ಲದ ಪಾಪಿ ಸ್ತ್ರೀಯನ್ನೂ ಒಬ್ಬಳೇ ಎಂದು ಹೇಳಿದರು. ಶುಭಸಂದೇಶದಲ್ಲಿ ಅದಕ್ಕೆ ಆಧಾರವಿಲ್ಲ. ಆದರೂ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಚಿತ್ರಗಳಲ್ಲಿ, ನಾಟಕಗಳಲ್ಲಿ, ಉಪದೇಶಗಳಲ್ಲಿ ಆಕೆ ಪಶ್ಚಾತ್ತಾಪಪಟ್ಟ ವೇಶ್ಯೆಯಾಗಿಯೇ ಉಳಿದಳು. 2016ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಜುಲೈ 22ರ ಆಕೆಯ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಮಟ್ಟಕ್ಕೆ ಏರಿಸಿದರು. ಸಂತಳ ಹೆಸರಿಗೆ ಅಂಟಿದ ಮಸಿಯನ್ನು ತೊಳೆಯಲು ಇಷ್ಟು ಕಾಲ ಹಿಡಿದಿರುವಾಗ, ಸಾಮಾನ್ಯ ಹೆಣ್ಣುಮಗಳ ಹೆಸರಿನ ಗತಿ ಏನು? ಸುಳ್ಳನ್ನು ಹರಡಿದ್ದು ಕಲೆ. ಅದನ್ನು ತಿದ್ದುವ ಕೆಲಸದಲ್ಲಿಯೂ ಕಲೆಗೆ ಪಾಲು ಇರಬೇಕಲ್ಲವೇ?

ಈಗ ನಮ್ಮ ಸೀಮೆಗೆ ಬರೋಣ. ಹಿಂದಿನ ಅವಿಭಜಿತ ಗೋಕಾಕ ತಾಲ್ಲೂಕು ಶ್ರೀಕೃಷ್ಣ ಪಾರಿಜಾತದ ತವರು. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡದ ತಮ್ಮಣ್ಣ ಬಯಲಾಟದ ಮೈಗೆ ಒಗ್ಗಿಸಿದ ಮೇಲೆ ಅದು ಉತ್ತರ ಕರ್ನಾಟಕದ ಊರೂರಿನ ಆಟವಾಯಿತು. ಅದರ ಕಥೆಯನ್ನು ಒಮ್ಮೆ ನೆನೆಯಿರಿ. ನಾರದ ತಂದ ಪಾರಿಜಾತ ರುಕ್ಮಿಣಿಯ ಪಾಲಾಗುತ್ತದೆ. ಸತ್ಯಭಾಮೆ ಮುನಿಯುತ್ತಾಳೆ, ಗಂಡನನ್ನು ಎದುರು ನಿಲ್ಲಿಸಿ ಕೇಳುತ್ತಾಳೆ. ರಾತ್ರಿಯಿಡೀ ಊರಿಗೆ ಊರೇ ಕುಳಿತು ಆ ವಾದವನ್ನು ಆಸ್ವಾದಿಸಿತು. ಕಥೆಯ ಹೆಣ್ಣು ದೇವರನ್ನೇ ಪ್ರಶ್ನಿಸಬಹುದು. ಮನೆಯ ಹೆಣ್ಣು ಮಾವನನ್ನು ಪ್ರಶ್ನಿಸಬಾರದು! ನಮ್ಮ ಹಳೆಯ ಬಯಲಾಟಗಳಲ್ಲಿ ಹೆಣ್ಣಿನ ಪಾತ್ರವನ್ನು ಸೀರೆಯುಟ್ಟು ಆಡುತ್ತಿದ್ದವರೂ ಗಂಡಸರೇ. ಅಂಥ ರಂಗಕ್ಕೆ ಕೌಜಲಗಿಯ ನಿಂಗಮ್ಮನಂಥವರು ಕಾಲಿಟ್ಟರು. ಇಂದು ಪಾರಿಜಾತದ ಚರಿತ್ರೆಯನ್ನು ಆಕೆಯ ಹೆಸರಿಲ್ಲದೆ ಬರೆಯಲಾಗದು. ಆದರೆ ಆಟಕ್ಕೆ ಬಂದ ಹೆಣ್ಣನ್ನು ಸಮಾಜ ಹೇಗೆ ಕಂಡಿತು? ರಾತ್ರಿ ಆಕೆಯ ಹಾಡಿಗೆ ತಲೆದೂಗಿದವರೇ ಬೆಳಗಾದರೆ 'ಆಟದವಳು' ಎಂದು ಮುಖ ತಿರುಗಿಸಿದರು. ಆಕೆಯ ಕಲೆ ಬೇಕು, ಆಕೆ ಬೇಡ ಎಂಬ ಈ ಇಬ್ಬಂದಿತನವನ್ನು ಪಠ್ಯಪುಸ್ತಕದ ಸಹಾಯವಿಲ್ಲದೆಯೇ ಅರಿಯಬಹುದು.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, 2010ನೆಯ ಸಾಲಿನ ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರು ಇಂಥ ಬಯಲಾಟಗಳನ್ನು ಕೇಳಿಯೇ ಬೆಳೆದವರು. 1972ರ ಅವರ 'ಜೋಕುಮಾರಸ್ವಾಮಿ' ನಾಟಕದಲ್ಲಿ ಹಳ್ಳಿಯ ಹಳೆಯ ಆಚರಣೆಯೊಂದು ಭೂಮಿಯ ಒಡೆತನ ಯಾರದು, ಹೆಣ್ಣಿನ ಒಡಲಿನ ಹಕ್ಕು ಯಾರದು ಎಂಬ ಪ್ರಶ್ನೆಯಾಗಿ ಬೆಳೆಯುತ್ತದೆ. ಕಲೆಯನ್ನು ಅನ್ಯಾಯದ ಎದುರು ನಿಲ್ಲಿಸುವ ವಿದ್ಯೆ ಘಟಪ್ರಭೆಯ ದಂಡೆಗೆ ಹೊಸದೇನೂ ಅಲ್ಲ.

ಅದೇ ನದಿಯ ಹೆಸರು ಹೊತ್ತ, ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ಇನ್ನೊಂದು ಪಾಠವಿದೆ. ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯ ವಿರುದ್ಧ ಕಾನೂನುಗಳಿಗೆ ಕೊರತೆ ಇರಲಿಲ್ಲ. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರ ಕಾಯಿದೆ, ಬಳಿಕ ಕರ್ನಾಟಕದ 1982ರ ಕಾಯಿದೆ. ಆದರೂ ಮುತ್ತು ಕಟ್ಟುವುದು ಕದ್ದುಮುಚ್ಚಿ ನಡೆದೇ ಇತ್ತು. ಕಾರಣ ಸ್ಪಷ್ಟ. ಮಾರುವೇಷದ ದಾಸ್ಯಕ್ಕೆ ಹಾಡು, ಚೌಡಿಕೆ, ಹರಕೆ, ಜಾತ್ರೆ ಎಲ್ಲವೂ ಬೆಂಬಲವಾಗಿದ್ದವು. ಕಾನೂನಿಗೆ ಸರ್ಕಾರಿ ಮೊಹರು ಮಾತ್ರವಿತ್ತು. 1997ರಲ್ಲಿ ಮಾಜಿ ದೇವದಾಸಿಯರೇ ಸೇರಿ 'ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ' ಕಟ್ಟಿಕೊಂಡರು. ಹೊರಗಿನ ಉದ್ಧಾರಕರ ಬದಲು, ಆ ನೋವನ್ನು ಉಂಡವರೇ ಕೇರಿಕೇರಿಗೆ ಹೋಗಿ ತಾಯಂದಿರೊಡನೆ ಮಾತನಾಡಿದರು. ಏಳನೆಯ ವಯಸ್ಸಿನಲ್ಲಿ ದೇವದಾಸಿಯಾಗಿದ್ದ, ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಈ ಸಂಸ್ಥೆಯ ಮೂಲಕ ದುಡಿದು 2018ರಲ್ಲಿ ಪದ್ಮಶ್ರೀ ಪಡೆದರು.

ಈಗ ಹೇಳಿ, ಸೀತವ್ವನವರು ಯಾವ ಪರದೇಶದ ಪುಸ್ತಕ ಓದಿ ಇದನ್ನು ಕಲಿತರು? ನನ್ನ ದೇಹ ಹರಕೆಯ ವಸ್ತುವಲ್ಲ, ನನ್ನ ಮಗು ತಂದೆಯ ಹೆಸರಿಲ್ಲವೆಂದು ತಲೆತಗ್ಗಿಸಬೇಕಾಗಿಲ್ಲ ಎಂದು ಹೇಳುವುದೇ ಸ್ತ್ರೀವಾದ. ಕಾಲೇಜಿನಲ್ಲಿ ಅದಕ್ಕೊಂದು ಹೆಸರಿದೆ. ಕೇರಿಯಲ್ಲಿ ಅದು ಬದುಕಿನ ಹೋರಾಟವಾಗಿತ್ತು.

ವಿದ್ಯಾರ್ಥಿಗಳ ಕಲೆಯಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. 2003ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿನಿ ಜಸ್ಮೀನ್ ಪಥೇಜಾ ತಮ್ಮ ವ್ಯಾಸಂಗದ ಯೋಜನೆಯಾಗಿ 'ಬ್ಲಾಂಕ್ ನಾಯ್ಸ್' ಆರಂಭಿಸಿದರು. ಬೀದಿಯಲ್ಲಿ ಹೆಣ್ಣುಮಕ್ಕಳಿಗೆ ಆಗುವ ಕಿರುಕುಳವನ್ನು ಚುಡಾಯಿಸುವಿಕೆ ಎಂದು ತಳ್ಳಿಹಾಕುತ್ತಿದ್ದ ಕಾಲವದು. ಕಿರುಕುಳವಾದ ದಿನ ತಾವು ತೊಟ್ಟಿದ್ದ ಬಟ್ಟೆಯನ್ನು ತಂದುಕೊಡಿ ಎಂದು ಅವರು ಹೆಂಗಸರನ್ನು ಕೇಳಿಕೊಂಡರು. ಬಂದ ಬಟ್ಟೆಗಳಾದರೂ ಎಂಥವು? ಮೈತುಂಬ ಮುಚ್ಚುವ ಸಲ್ವಾರ್, ಸೀರೆ, ಶಾಲೆಯ ಸಮವಸ್ತ್ರ. 'ಅವಳು ಹಾಗೆ ಬಟ್ಟೆ ತೊಟ್ಟಿದ್ದಕ್ಕೇ ಹೀಗಾಯಿತು' ಎಂಬ ಮಾತಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಕೇ? ನೂರು ಭಾಷಣಗಳು ಮಾಡಲಾರದ್ದನ್ನು ಹಗ್ಗಕ್ಕೆ ತೂಗುಹಾಕಿದ ಸಮವಸ್ತ್ರ ಮಾಡಬಲ್ಲದು. ವಾದವನ್ನು ಅಲ್ಲಗಳೆಯಬಹುದು, ಕಣ್ಣೆದುರಿನ ಬಟ್ಟೆಯನ್ನು ಅಲ್ಲಗಳೆಯುವುದು ಹೇಗೆ?

ಇಲ್ಲಿ ನಮ್ಮ ಜಿಲ್ಲೆಯ ಕಳಂಕವೊಂದನ್ನು ನೆನೆಯದೆ ವಿಧಿಯಿಲ್ಲ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯೊಡನೆ ಊರುಬಿಟ್ಟನೆಂಬ ಕಾರಣಕ್ಕೆ ಅವನ ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆದರು. ಮಗ ಮಾಡಿದ್ದಕ್ಕೆ ತಾಯಿಯ ಮೈಯ ಮೇಲೆ ಸೇಡು! ರಾಜ್ಯದ ಉಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಹೊಡೆದವರ ಬಗ್ಗೆ ಮಾತ್ರವಲ್ಲ, ಮೂಕಪ್ರೇಕ್ಷಕರಾಗಿ ನಿಂತವರ ಬಗ್ಗೆಯೂ ಕಟುವಾಗಿ ನುಡಿಯಿತು. ನೋಡುತ್ತಾ ನಿಂತವರು ರಾಕ್ಷಸರೇನಲ್ಲ, ನಮ್ಮಂಥ ಸಂಸಾರಸ್ಥರು. ಅಂಥ ಗಳಿಗೆಯಲ್ಲಿ ಮುಂದೆ ಕಾಲಿಡುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಅದನ್ನು ಕಲಿಸಬಹುದು. ಬ್ರೆಜಿಲ್ ದೇಶದ ಅಗಸ್ಟೊ ಬೋಲ್ ಎಂಬ ರಂಗಕರ್ಮಿ ರೂಪಿಸಿದ ನಾಟಕದ ಬಗೆಯೊಂದರಲ್ಲಿ ಅನ್ಯಾಯದ ದೃಶ್ಯವನ್ನು ಒಮ್ಮೆ ಪೂರ್ತಿ ಆಡಿ ತೋರಿಸುತ್ತಾರೆ. ಮತ್ತೆ ಆಡುವಾಗ ಪ್ರೇಕ್ಷಕನು 'ನಿಲ್ಲಿಸಿ' ಎಂದು ಕೂಗಿ, ತಾನೇ ರಂಗಕ್ಕೆ ಬಂದು ಆ ಗಳಿಗೆಯಲ್ಲಿ ಏನು ಮಾಡಬಹುದಿತ್ತೆಂದು ಮಾಡಿ ತೋರಿಸಬೇಕು. ಕರ್ನಾಟಕದಲ್ಲಿಯೂ 1975ರಲ್ಲಿ ಹುಟ್ಟಿದ 'ಸಮುದಾಯ' ತಂಡವು ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಕೊಲೆಗಳನ್ನು ಕುರಿತ ಬೀದಿ ನಾಟಕವನ್ನು 1979ರ ಜಾಥಾದಲ್ಲಿ ಊರೂರಿಗೆ ಒಯ್ದಿತ್ತು. ನಾಟಕದಲ್ಲಿ ಹತ್ತು ಸಲ 'ನಿಲ್ಲಿಸಿ' ಎಂದು ಕೂಗಿದ ಹುಡುಗ, ನಿಜವಾದ ಬೀದಿಯಲ್ಲಿ ಒಂದು ಸಲವಾದರೂ ಕೂಗಿಯಾನು. ಇಂಥ ನಾಟಕದಲ್ಲಿ ಮಗಳು ಪಾತ್ರ ಮಾಡಿದರೆ ಹೋಗುವ ಮಾನವಾದರೂ ಯಾವುದು? ಮಾನ ಹೋದದ್ದು ವಂಟಮೂರಿಯಲ್ಲಿ.

ಸ್ತ್ರೀವಾದ ಕುಟುಂಬವನ್ನು ಒಡೆಯುತ್ತದೆ ಎಂಬ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಕೇರಳದ ಕ್ರೈಸ್ತ ಮಹಿಳೆ ಮೇರಿ ರಾಯ್‌ರವರ ಮೇಲೂ ಇದೇ ಆರೋಪ ಬಂತು. ತಿರುವಾಂಕೂರಿನ ಹಳೆಯ ಕಾಯಿದೆಯ ಪ್ರಕಾರ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ. 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೇ ಅಲ್ಲಿಯೂ ಅನ್ವಯವೆಂದಿತು. ಆ ಕಾಯಿದೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ನಮ್ಮ ಭಾಗದ ಕ್ರೈಸ್ತ ಕುಟುಂಬಗಳಿಗೂ ಇದೇ ಕಾನೂನು. ಆದರೂ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂದು ಮಗಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವವರು ನಮ್ಮಲ್ಲಿ ಇಲ್ಲವೇ? ಒಬ್ಬಳ ಮೌನದ ಮೇಲೆ ನಿಂತ ಒಗ್ಗಟ್ಟು ಒಗ್ಗಟ್ಟೇ ಅಲ್ಲ. ಆಕೆ ಬಾಯಿ ತೆರೆದಾಗ ಒಡೆಯುವುದು ಕುಟುಂಬವಲ್ಲ, ಅದರ ಸುಳ್ಳು.

ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳಲೇಬೇಕು. ಮಾರ್ಚ್ 8ರಂದು ಭಿತ್ತಿಪತ್ರ ಬರೆದು, ಛಾಯಾಚಿತ್ರ ತೆಗೆಸಿಕೊಂಡು, ಮಾರನೆಯ ದಿನ ಮನೆಗೆಲಸದವಳಿಗೆ ಬೇರೆ ಲೋಟದಲ್ಲಿ ಚಹಾ ಕೊಡುವುದು ಸ್ತ್ರೀವಾದವಲ್ಲ. ಜಾತಿಯ ಪೂರ್ವಗ್ರಹವನ್ನು ಮನೆಯಲ್ಲಿಟ್ಟುಕೊಂಡು ಲಿಂಗದ ಪೂರ್ವಗ್ರಹವನ್ನು ಬೀದಿಯಲ್ಲಿ ಖಂಡಿಸಲಾಗದು. ಸೀತವ್ವನವರ ಬದುಕಿನಲ್ಲಿ ಇವೆರಡೂ ಒಂದೇ ಗಂಟಾಗಿದ್ದವು. ಹಳ್ಳಿಯ ಹೆಂಗಸರಿಗೆ ತಿಳಿವಳಿಕೆ ಕೊಡುತ್ತೇವೆಂದು ಹೊರಡುವ ಮೊದಲು ಅವರಿಂದ ಕಲಿಯಲು ಕುಳಿತುಕೊಳ್ಳಿ. ಬೀಸುವ ಕಲ್ಲಿನ ಮುಂದೆ ಹಾಡಿದ ನಮ್ಮ ಅಜ್ಜಿಯರು ಅತ್ತೆಯ ಕಾಟವನ್ನೂ ತವರಿನ ನೆನಪನ್ನೂ ಯಾವ ಅಂಜಿಕೆಯೂ ಇಲ್ಲದೆ ಹೇಳಿಕೊಂಡವರು.

ಪೂರ್ವಗ್ರಹದ ನೋವು ಏನೆಂದು ಅಲ್ಪಸಂಖ್ಯಾತರಾದ ನಮಗೆ ಗೊತ್ತು. ನಮ್ಮ ಮಾತನ್ನು ಕೇಳದೆಯೇ ನಮ್ಮ ಬಗ್ಗೆ ತೀರ್ಮಾನಿಸಿದವರನ್ನು ಕಂಡಾಗ ನಾವು ನೊಂದಿದ್ದೇವೆ. ಅದೇ ಅನ್ಯಾಯವನ್ನು ಮನೆಯ ಮಗಳಿಗೆ ಮಾಡಲು ನಮಗೇನು ಅಧಿಕಾರ?

ಆದುದರಿಂದ ತಂದೆತಾಯಂದಿರಲ್ಲಿ ಒಂದು ವಿನಂತಿ. ಮಗಳು ಪ್ರಶ್ನೆ ಕೇಳಿದಾಗ ಕಾಲೇಜನ್ನು ಬೈಯಬೇಡಿ. ಉತ್ತರ ಕೊಡಿ, ಇಲ್ಲವೇ ಉತ್ತರವನ್ನು ಆಕೆಯೊಡನೆ ಹುಡುಕಿ. ಮಗನ ಕೈಗೆ ತಟ್ಟೆ ತೊಳೆಯುವ ಕೆಲಸವನ್ನೂ ಮಗಳ ಕೈಗೆ ಆಸ್ತಿಯ ಕಾಗದವನ್ನೂ ಕೊಡಿ. ಧರ್ಮಕೇಂದ್ರದ ಯುವಜನರು ಕ್ರಿಸ್ತಜಯಂತಿಗೆ ನಾಟಕವಾಡುವಂತೆ ಜಾತ್ರೆಯ ಬಯಲಿನಲ್ಲಿ, ಬಸ್ ನಿಲ್ದಾಣದ ಮುಂದೆ ವರದಕ್ಷಿಣೆಯನ್ನೂ ಬಾಲ್ಯವಿವಾಹವನ್ನೂ ಕುರಿತು ಆಡಲಿ. ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತು ನೋಡಲಿ. ಕುಲಗೋಡ, ಕೌಜಲಗಿ, ಘೋಡಗೇರಿಗಳ ನೆಲದಲ್ಲಿ ಹೆಣ್ಣಿನ ದನಿಗೆ ರಂಗ ಸಿಗದಿದ್ದರೆ ಆ ನೆಲದ ಹೆಸರು ಹೇಳಿಕೊಂಡು ಬೀಗುವ ಹಕ್ಕು ನಮಗಿಲ್ಲ.