ಕಾಂಪ್ಲೆಕ್ಸಿಗೆ ನೀರೇರಿಸಿದವರು ಯಾರು?

ನಾಗ್ ಅಶ್ವಿನ್ ನಿರ್ದೇಶನದ ‘ಕಲ್ಕಿ 2898 ಎಡಿ’ ಕಣ್ಣಿಗೆ ಹಬ್ಬ, ಅದರಲ್ಲಿ ತಕರಾರಿಲ್ಲ. ಪಾಳುಬಿದ್ದ ಕಾಶಿ, ಬತ್ತಿದ ಗಂಗೆ, ಆಕಾಶದಲ್ಲಿ ತಲೆಕೆಳಗಾಗಿ ನಿಂತ ಪಿರಮಿಡ್ಡಿನಂಥ ಕಾಂಪ್ಲೆಕ್ಸು, ಅಶ್ವತ್ಥಾಮನಾಗಿ ಅಮಿತಾಭ್ ಬಚ್ಚನ್. 2024ರ ಜೂನ್‌ನಲ್ಲಿ ತೆರೆಕಂಡಾಗ ವಿಜಯಪುರದಲ್ಲಿ ನೋಡಿದೆ, ಮೊನ್ನೆ ಮನೆಯಲ್ಲಿ ಮತ್ತೊಮ್ಮೆ ನೋಡಿದೆ. ಇಷ್ಟೆಲ್ಲ ಇದ್ದೂ ಚಿತ್ರ ಸಾಧಾರಣವೇ.

ಪಕ್ಕದಲ್ಲಿ ಕೂತ ಮಗಳು ಕೇಳಿದಳು: “ಅಪ್ಪಾ, ಗಂಗಾನ ಬತ್ತಿ ಹೋಗ್ಯಾಳ, ಮತ್ತ ಇವರು ಕುಡಿಯೂದೇನು?”

ಚಿತ್ರ ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆ ಇದೇ. ಭೂಮಿಯ ಸಂಪತ್ತನ್ನೆಲ್ಲ ಕಾಂಪ್ಲೆಕ್ಸು ಹೀರಿಕೊಂಡಿದೆ ಎನ್ನುತ್ತಾರೆ. ಹೇಗೆ ಹೀರಿತು ಎಂದು ಬಿಡಿಸಿ ಹೇಳುವುದಿಲ್ಲ. ಒಳಗೆ ಹೋಗಲು ಹತ್ತು ಲಕ್ಷ ಯೂನಿಟ್ (ಆ ಲೋಕದ ಹಣ) ಕೂಡಿಸಲು ಹೊರಟ ಭೈರವನಿಗೆ (ಪ್ರಭಾಸ್) ಹೊಡೆದಾಟವಿದೆ, ಮಾತಾಡುವ ವಾಹನ ಬುಜ್ಜಿ ಇದೆ. ಅವನ ಗಂಟಲು ಒಣಗಿದ್ದು ಮಾತ್ರ ನನಗೆ ಎಲ್ಲೂ ತಟ್ಟಲಿಲ್ಲ.

ವಿಜಯಪುರ ಜಿಲ್ಲೆಯ ನಮ್ಮ ಭಾಗದಲ್ಲಿ ನೀರು ಮೇಲೇರುವುದು ಹೇಗೆಂದು ಮಕ್ಕಳಿಗೂ ಗೊತ್ತು. ತುಬಚಿ–ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರು ಜಮಖಂಡಿ ತಾಲ್ಲೂಕಿನ ತುಬಚಿಯಿಂದ ಇಲ್ಲಿಗೆ ಬರಬೇಕಾದರೆ ಜಾಕ್‌ವೆಲ್ ಬೇಕು, ಮೋಟಾರು, ಪೈಪು, ಕರೆಂಟು ಬೇಕು. ಅದಕ್ಕೇ ಕಟ್ಟೆಯ ಮೇಲೆ ಕೂತವರ ಮಾತೆಲ್ಲ ಯಾವ ಕೆರೆಗೆ ಮೊದಲು ಬಿಟ್ಟರು, ಗೇಟು ಎತ್ತಿದವರಾರು ಎಂಬುದರ ಸುತ್ತಲೇ. ಈ ಯೋಜನೆ ಬರುವ ಮುಂಚೆ ಬೇಸಿಗೆಯಲ್ಲಿ ನಮ್ಮ ದ್ರಾಕ್ಷಿ ಬಳ್ಳಿ ಉಳಿಸಲು ಟ್ಯಾಂಕರೇ ಗತಿ. ರಾತ್ರಿಯೆಲ್ಲ ಪಾಳಿ ಕಾದು, ಬಂದ ನೀರನ್ನು ಕೃಷಿ ಹೊಂಡಕ್ಕೆ ಸುರಿಸಿ, ದ್ರಾಕ್ಷಿಯ ಯಾವ ಸಾಲಿಗೆ ಬಿಡುವುದು, ಯಾವ ಸಾಲನ್ನು ಒಣಗಲು ಬಿಡುವುದು ಎಂದು ಹೊಲದಲ್ಲಿ ನಿಂತು ಲೆಕ್ಕ ಹಾಕಿದ್ದೇನೆ. ಪ್ರಳಯದಾಚೆಯ ಕತೆ ಹುಟ್ಟಬೇಕಾದದ್ದು ಆ ಸಂಕಟದಿಂದ.

ಜಾರ್ಜ್ ಮಿಲ್ಲರ್ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಲ್ಲಿ (2015) ಇದನ್ನು ಕೆಲವೇ ನಿಮಿಷದಲ್ಲಿ ಹಿಡಿದರು. ಬಂಡೆಯ ಮೇಲಿಂದ ದೊರೆ ಸನ್ನೆಗೋಲು ಎಳೆಯುತ್ತಾನೆ, ನೀರು ಧುಮುಕುತ್ತದೆ, ಕೆಳಗಿನ ಜನ ಪಾತ್ರೆ ಹಿಡಿದು ಮುಗಿಬೀಳುತ್ತಾರೆ, ಅಷ್ಟರಲ್ಲೇ ಬಂದ್. ಅವನ ಆಳ್ವಿಕೆ ಹೇಗೆ ನಡೆಯುತ್ತದೆಂದು ಆಮೇಲೆ ಯಾರೂ ವಿವರಿಸಬೇಕಿಲ್ಲ.

ನೀರಿನ ಈ ಪಾಠ ನಮ್ಮಲ್ಲೂ ಇದೆ. ಇಲ್ಲಿ ಆಳಿದ ಆದಿಲ್‌ಶಾಹಿಗಳು ತೊರವಿಯಿಂದ ನೆಲದಡಿಯ ಸುರಂಗದಲ್ಲಿ ವಿಜಯಪುರಕ್ಕೆ ನೀರು ತಂದರು. ಗೋಳಗುಮ್ಮಟ ನೋಡಿ ಹೋಗುವವರಿಗೆ ಆ ಸುರಂಗ ಕಾಣುವುದಿಲ್ಲ. ಪಟ್ಟಣ ಬದುಕಿದ್ದು ಅಂಥ ನೀರಿನಿಂದ. ‘ಕಲ್ಕಿ’ ಗುಮ್ಮಟವನ್ನು ಭವ್ಯವಾಗಿ ಕಟ್ಟಿದೆ, ಸುರಂಗ ತೋಡುವುದನ್ನು ಮರೆತಿದೆ. ಕಂಪ್ಯೂಟರಿನ ಮುಂದೆ ವರ್ಷಗಟ್ಟಲೆ ಕೂತು ಆ ಲೋಕ ಬಿಡಿಸಿದ ಕಲಾವಿದರ ದುಡಿಮೆಗೆ ತಕ್ಕ ಕತೆ ಸಿಗಲಿಲ್ಲವೆಂಬುದು ನನಗೆ ನಿಜವಾದ ಬೇಸರ.

ಕತೆ ಇನ್ನೂ ಮುಗಿದಿಲ್ಲ, ಮುಂದಿನ ಭಾಗ ಬಾಕಿ ಇದೆ. ಅದರಲ್ಲಾದರೂ ಕ್ಯಾಮೆರಾ ಕಾಂಪ್ಲೆಕ್ಸಿನ ತಳಕ್ಕೆ ಇಳಿಯಲಿ. ಅಲ್ಲಿ ಪಂಪು ನೋಡಿಕೊಳ್ಳುವವನೊಬ್ಬ ಇರಲೇಬೇಕು. ಅವನ ಮನೆ ಮಂದಿ ಕೆಳಗೆ ಕಾಶಿಯಲ್ಲೇ ಉಳಿದಿದ್ದರೆ ಅವನೇನು ಮಾಡುತ್ತಾನೆ? ಆ ಕತೆ ಹೇಳಿದರೆ ಮೊದಲ ದಿನವೇ ಮಗಳನ್ನು ಕರೆದುಕೊಂಡು ಹೋಗುತ್ತೇನೆ.